ಡಿವಿಡೆಂಡ್ ತಗೊಂಡ ದಿನವೇ ತೆರಿಗೆ ತೆಗೆದಿಡಿ

ಭಾರತದ ಟಿಡಿಎಸ್ ಪದ್ಧತಿಯನ್ನು ಬೈಯುವವರು ನಮ್ಮಲ್ಲಿ ಜಾಸ್ತಿ. ಕೈಗೆ ಬರೋ ಮೊದಲೇ ದುಡ್ಡು ಹಿಡಿದುಕೊಳ್ಳುತ್ತಾರೆ, ಆಮೇಲೆ ರೀಫಂಡಿಗೆ ಕಾಯಿಸುತ್ತಾರೆ ಅನ್ನೋ ದೂರು ಎಲ್ಲರದ್ದೂ. ಆದರೆ ಬ್ರಿಟನ್ನಿನಲ್ಲಿ ಚಿಕ್ಕದೊಂದು ಲಿಮಿಟೆಡ್ ಕಂಪನಿ ನಡೆಸುತ್ತಿರುವ ನನಗೆ ಅನಿಸೋದು ಬೇರೆ. ಡಿವಿಡೆಂಡ್, ಅಂದರೆ ಕಂಪನಿಯ ಲಾಭದಲ್ಲಿ ಷೇರುದಾರರಿಗೆ ಕೊಡುವ ಪಾಲಿನ ವಿಷಯದಲ್ಲಿ ಭಾರತದ ರೀತಿಯೇ ಒಳ್ಳೆಯದು. ಇಲ್ಲಿರುವ ನಮ್ಮವರು ಅದನ್ನು ತಾವಾಗಿಯೇ ಪಾಲಿಸಬೇಕು.

ಮೊದಲು ಎರಡೂ ಕಡೆಯ ಸಲಹೆ ನೋಡಿ. ಬೆಂಗಳೂರಿನಲ್ಲಿ ಪ್ರೈವೇಟ್ ಲಿಮಿಟೆಡ್ ನಡೆಸುವ ಗೆಳೆಯರಿಗೆ ಅವರ ಸಿಎ ಹೇಳೋದು, ‘ಸಂಬಳ ತಗೊಳ್ಳಿ’. ಇಲ್ಲಿನ ಅಕೌಂಟೆಂಟ್ ಹೇಳೋದು, ‘ಸಂಬಳ ಕಡಿಮೆ ಇರಲಿ, ಉಳಿದದ್ದು ಡಿವಿಡೆಂಡ್ ಆಗಿ ತಗೊಳ್ಳಿ’. ಇಬ್ಬರೂ ಸರಿಯಾಗೇ ಹೇಳುತ್ತಿದ್ದಾರೆ.

ಭಾರತದಲ್ಲಿ ಡೈರೆಕ್ಟರ್ ಸಂಬಳ ಕಂಪನಿಯ ಖರ್ಚು, ಹಾಗಾಗಿ ಅದರ ಮೇಲೆ ಕಂಪನಿ ತೆರಿಗೆ ಇಲ್ಲ. ಡಿವಿಡೆಂಡ್ ಬರೋದು ಕಂಪನಿ ತೆರಿಗೆ ಕಟ್ಟಿದ ಮೇಲೆ. 2020ರ ಮಾರ್ಚ್‌ವರೆಗೆ ಕಂಪನಿಯೇ ಡಿವಿಡೆಂಡ್ ವಿತರಣಾ ತೆರಿಗೆ ಕಟ್ಟುತ್ತಿತ್ತು. ಈಗ ಅದು ಷೇರುದಾರನ ಆದಾಯಕ್ಕೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆ ಬೀಳುತ್ತದೆ. 22% ದರ ಆಯ್ದುಕೊಂಡ ಕಂಪನಿಗೆ ಸರ್‌ಚಾರ್ಜ್, ಸೆಸ್ ಸೇರಿ ತೆರಿಗೆ 25.17% ಆಗುತ್ತದೆ. ನೂರು ರೂಪಾಯಿ ಲಾಭದಲ್ಲಿ ಉಳಿಯೋದು ಸುಮಾರು 75. ಷೇರುದಾರ 30% ಸ್ಲ್ಯಾಬಿನಲ್ಲಿದ್ದರೆ ಕೊನೆಗೆ ಕೈಗೆ ಬರೋದು ಸುಮಾರು 51 ರೂಪಾಯಿ. ಅದೇ ನೂರನ್ನು ಸಂಬಳವಾಗಿ ತಗೊಂಡರೆ 68.80. ಇದರಲ್ಲಿ ಯೋಚನೆ ಮಾಡೋದಕ್ಕೆ ಏನೂ ಇಲ್ಲ.

ಬ್ರಿಟನ್ನಿನಲ್ಲಿ ಲೆಕ್ಕ ತಲೆಕೆಳಗಾಗೋದು ನ್ಯಾಷನಲ್ ಇನ್ಶೂರೆನ್ಸ್ (ಸಂಬಳದ ಮೇಲೆ ಕಂಪನಿಯೂ ನೌಕರನೂ ಕಟ್ಟುವ ಸಾಮಾಜಿಕ ಭದ್ರತೆಯ ವಂತಿಗೆ) ಕಾರಣದಿಂದ. 2025ರ ಏಪ್ರಿಲ್‌ನಿಂದ ನೌಕರನ ವರ್ಷದ ಸಂಬಳ 5,000 ಪೌಂಡ್ ದಾಟಿದರೆ, ದಾಟಿದ ಭಾಗಕ್ಕೆ ಕಂಪನಿ 15% ಕಟ್ಟಬೇಕು. ನೌಕರನ ಪಾಲು 8% ಬೇರೆ. ಡಿವಿಡೆಂಡಿಗೆ ಇವೆರಡೂ ಇಲ್ಲ. ಮೂಲ ದರದ ಬ್ಯಾಂಡಿನಲ್ಲಿ (ವರ್ಷದ ಆದಾಯ 12,570ರಿಂದ 50,270 ಪೌಂಡ್‌ವರೆಗಿನ ಭಾಗ) ನೂರು ಪೌಂಡ್ ಲಾಭ ಸಂಬಳವಾಗಿ ಬಂದರೆ ಕೈಗೆ ಸಿಗೋದು ಸುಮಾರು 62.60. 19% ಕಾರ್ಪೊರೇಷನ್ ತೆರಿಗೆ ಕಟ್ಟಿ ಡಿವಿಡೆಂಡ್ ಆಗಿ ತಗೊಂಡರೆ ಸುಮಾರು 72.30.

ಈ ಅಂತರ ಮಾತ್ರ ವರ್ಷದಿಂದ ವರ್ಷಕ್ಕೆ ಕರಗುತ್ತಿದೆ. 2016ರಲ್ಲಿ ಡಿವಿಡೆಂಡಿನ ಮೊದಲ 5,000 ಪೌಂಡಿಗೆ ತೆರಿಗೆ ಇರಲಿಲ್ಲ. 2018ರಲ್ಲಿ ಅದು 2,000 ಆಯಿತು, 2023ರಲ್ಲಿ 1,000, 2024ರಲ್ಲಿ 500. ಮೂಲ ದರ 7.5% ಇದ್ದದ್ದು 2022ರಲ್ಲಿ 8.75% ಆಯಿತು, 2026ರ ಏಪ್ರಿಲ್‌ನಿಂದ 10.75%. ಮೇಲಿನ ದರ ಈಗ 35.75%. ಕಂಪನಿಯ ಲಾಭ 50,000 ಪೌಂಡ್ ದಾಟಿ, ನಿಮ್ಮ ಆದಾಯವೂ 50,270 ದಾಟಿದರೆ, ಅಲ್ಲಿಂದ ಮುಂದಿನ ಪ್ರತಿ ನೂರರ ಲೆಕ್ಕ ಹಾಕಿ ನೋಡಿ. ಆ ಲಾಭದ ಮೇಲೆ ಕಾರ್ಪೊರೇಷನ್ ತೆರಿಗೆ 26.5% ಬೀಳುತ್ತದೆ. ಡಿವಿಡೆಂಡ್ ಆಗಿ ತಗೊಂಡರೆ ಕೈಗೆ ಸುಮಾರು 47 ಪೌಂಡ್, ಸಂಬಳವಾಗಿ ತಗೊಂಡರೆ ಸುಮಾರು 50. ಅಂದರೆ ಅಷ್ಟು ಮೇಲೆ ಹೋದಾಗ ಬೆಂಗಳೂರಿನ ಸಿಎ ಮಾತೇ ಇಲ್ಲೂ ನಿಜವಾಗುತ್ತದೆ. ‘ಡೈರೆಕ್ಟರ್ ಅಂದರೆ ಡಿವಿಡೆಂಡ್’ ಅಂತ ಹತ್ತು ವರ್ಷ ಹಿಂದೆ ಕೇಳಿದ ಮಾತನ್ನೇ ಇನ್ನೂ ನಂಬಿ ಕೂತವರು ಒಮ್ಮೆ ಹೊಸದಾಗಿ ಲೆಕ್ಕ ಹಾಕಿಸಬೇಕು.

ಆದರೆ ನನಗೆ ನಿಜವಾಗಿ ಕಳವಳ ತರೋದು ದರವಲ್ಲ, ತೆರಿಗೆ ಕಟ್ಟುವ ಸಮಯ. ಭಾರತದಲ್ಲಿ ವರ್ಷಕ್ಕೆ 10,000 ರೂಪಾಯಿಗಿಂತ ಜಾಸ್ತಿ ಡಿವಿಡೆಂಡ್ ಕೊಟ್ಟರೆ ಕಂಪನಿ 10% ಟಿಡಿಎಸ್ ಹಿಡಿಯುತ್ತದೆ. ಉಳಿದ ತೆರಿಗೆಯನ್ನು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ಕಂತುಗಳಲ್ಲಿ ಅಡ್ವಾನ್ಸ್ ಟ್ಯಾಕ್ಸ್ ಆಗಿ ಕಟ್ಟಬೇಕು. ಡಿವಿಡೆಂಡನ್ನು ಮೊದಲೇ ಊಹಿಸಬೇಕಾಗಿಲ್ಲ. ಅದು ಬಂದ ನಂತರದ ಕಂತುಗಳಲ್ಲಿ ಸೇರಿಸಿದರೆ ಬಡ್ಡಿ ಬೀಳೋದಿಲ್ಲ. ಮಾರ್ಚ್ ಮುಗಿಯುವಾಗ ಆ ವರ್ಷದ ತೆರಿಗೆ ಬಹುಪಾಲು ಮುಗಿದಿರುತ್ತದೆ.

ಬ್ರಿಟನ್ನಿನಲ್ಲಿ ಡಿವಿಡೆಂಡ್ ಮೇಲೆ ಯಾರೂ ಒಂದು ಪೆನ್ನಿಯನ್ನೂ ಹಿಡಿಯೋದಿಲ್ಲ. 2026ರ ಮೇ ತಿಂಗಳಲ್ಲಿ ತಗೊಂಡ ಡಿವಿಡೆಂಡಿಗೆ ತೆರಿಗೆ ಕಟ್ಟಲು ಕೊನೇ ದಿನ 2028ರ ಜನವರಿ 31. ಅಷ್ಟು ಹೊತ್ತಿಗೆ ಆ ದುಡ್ಡು ಮನೆಯ ಡೆಪಾಸಿಟ್ಟಿಗೋ ಮಕ್ಕಳ ಫೀಸಿಗೋ ಹೋಗಿರುತ್ತದೆ. 12,570 ಪೌಂಡ್ ಸಂಬಳ, 37,700 ಡಿವಿಡೆಂಡ್ ಅಂತ ಇಟ್ಟುಕೊಳ್ಳಿ. ಬರುವ ತೆರಿಗೆ 3,999 ಪೌಂಡ್. ಅದೇ ದಿನ ಮುಂದಿನ ವರ್ಷದ ಲೆಕ್ಕಕ್ಕೆ ಇದರ ಅರ್ಧವನ್ನು ‘ಪೇಮೆಂಟ್ ಆನ್ ಅಕೌಂಟ್’ ಅಂತ ಕೇಳುತ್ತಾರೆ, ಇನ್ನರ್ಧ ಜುಲೈ 31ಕ್ಕೆ. ಹೀಗೆ ಮೊದಲ ಜನವರಿಯಲ್ಲೇ ಒಟ್ಟು ಸುಮಾರು 6,000 ಕಟ್ಟಬೇಕಾಗುತ್ತದೆ. ಇದು ಗೊತ್ತಿಲ್ಲದೆ ಹೊಸಬರು ಕಂಗಾಲಾಗೋದನ್ನು ನೋಡಿದ್ದೇನೆ. ಬೇಜಾರಾಗುತ್ತದೆ, ಯಾಕೆಂದರೆ ಅವರು ಕಷ್ಟಪಟ್ಟು ದುಡಿದವರೇ.

ಅದಕ್ಕೇ ನನ್ನ ಸಲಹೆ ಇಷ್ಟು. ನಿಮಗೆ ನೀವೇ ಟಿಡಿಎಸ್ ಹಿಡಿಯಿರಿ. ಡಿವಿಡೆಂಡ್ ಸ್ವಂತ ಖಾತೆಗೆ ಬಂದ ದಿನವೇ 10.75% ತೆಗೆದು ಬೇರೊಂದು ಉಳಿತಾಯ ಖಾತೆಗೆ ಹಾಕಿ. ಮೇಲಿನ ದರ ತಾಗುವ ಸಾಧ್ಯತೆ ಇದ್ದರೆ 35.75%. ಬಡ್ಡಿಯೂ ನಿಮಗೇ. ಅದಕ್ಕಿಂತ ಮೊದಲು ಕಂಪನಿ ಖಾತೆಯಲ್ಲಿರೋದರಲ್ಲಿ ಲಾಭ ಎಷ್ಟು ಅಂತ ನೋಡಿ. ವ್ಯಾಟ್ ದುಡ್ಡು ಸರ್ಕಾರದ್ದು. ಕಾರ್ಪೊರೇಷನ್ ತೆರಿಗೆಯನ್ನು ಲೆಕ್ಕದ ವರ್ಷ ಮುಗಿದು 9 ತಿಂಗಳು ಒಂದು ದಿನಕ್ಕೆ ಕಟ್ಟಬೇಕು. ಅದನ್ನೂ ಕಳೆದ ಮೇಲೆ ಉಳಿದ ಲಾಭದಲ್ಲಿ ಮಾತ್ರ ಡಿವಿಡೆಂಡ್ ತಗೊಳ್ಳಬಹುದು. ಪ್ರತಿ ಸಲವೂ ಒಂದು ವೋಚರ್, ಒಂದು ಪುಟದ ಮಿನಿಟ್ಸ್ ಬರೆದಿಡಿ.

ಕಂಪನಿಯಿಂದ ಸುಮ್ನೆ ಸಾಲ ಅಂತ ತಗೊಳ್ಳೋ ವಿಷಯದಲ್ಲೂ ಎರಡು ದೇಶಗಳ ರೀತಿ ಬೇರೆ. ಇಲ್ಲಿ ಆ 9 ತಿಂಗಳು ಒಂದು ದಿನದೊಳಗೆ ವಾಪಸ್ ಮಾಡದಿದ್ದರೆ ಕಂಪನಿ 35.75% ತೆರಿಗೆ ಕಟ್ಟಬೇಕು. ಸಾಲ ತೀರಿದ ಮೇಲೆ ಅದು ವಾಪಸ್ ಬರುತ್ತದೆ. ಭಾರತದಲ್ಲಿ 10% ಮತಾಧಿಕಾರ ಇರುವ ಷೇರುದಾರನಿಗೆ ಪ್ರೈವೇಟ್ ಲಿಮಿಟೆಡ್ ಕಂಪನಿ ಸಾಲ ಕೊಟ್ಟರೆ, ಕೂಡಿಟ್ಟ ಲಾಭದ ಮಟ್ಟಿಗೆ ಅದನ್ನು ಡಿವಿಡೆಂಡ್ ಅಂತಲೇ ಎಣಿಸುತ್ತಾರೆ. ಆಮೇಲೆ ತೀರಿಸಿದರೂ ಬಿಡೋದಿಲ್ಲ. ಇದು ಅತಿಯಾಯಿತು ಅಂತ ನನ್ನ ಅನಿಸಿಕೆ. ಈ ವಿಷಯದಲ್ಲಿ ಬ್ರಿಟನ್ ರೀತಿಯೇ ನ್ಯಾಯವಾದದ್ದು.

ಗಂಡ-ಹೆಂಡತಿ ವಿಷಯದಲ್ಲೂ ನನ್ನ ಮತ ಬ್ರಿಟನ್ನಿಗೇ. 1990ರಿಂದ ಇಲ್ಲಿ ದಂಪತಿಗೆ ಬೇರೆ ಬೇರೆ ತೆರಿಗೆ. ಸಂಗಾತಿಗೆ ಸಾಮಾನ್ಯ ಷೇರು ಕೊಟ್ಟು ಡಿವಿಡೆಂಡ್ ಹಂಚಿಕೊಳ್ಳೋದನ್ನು 2007ರಲ್ಲಿ ಹೌಸ್ ಆಫ್ ಲಾರ್ಡ್ಸ್ ಕೂಡ ಒಪ್ಪಿತು. ಮನೆಯ ಅರ್ಧ ಭಾರ ಹೊತ್ತವರಿಗೆ ಅರ್ಧ ಆದಾಯ ಸಿಗೋದು ಸರಿಯಲ್ವಾ? ಭಾರತದಲ್ಲಿ ಹಾಗೆ ಉಡುಗೊರೆಯಾಗಿ ಕೊಟ್ಟ ಷೇರಿನ ಆದಾಯವನ್ನು ಕೊಟ್ಟವರ ಲೆಕ್ಕಕ್ಕೇ ಕ್ಲಬ್ ಮಾಡುತ್ತಾರೆ, ಅಂದರೆ ಅವರ ಆದಾಯಕ್ಕೇ ಸೇರಿಸಿ ತೆರಿಗೆ ಹಾಕುತ್ತಾರೆ. ಊರಿಗೆ ವಾಪಸ್ ಹೋಗುವ ಯೋಚನೆ ಇರುವವರು ಇದನ್ನು ಗಮನಿಸಿ. ಅಲ್ಲಿ ತೆರಿಗೆ ಲೆಕ್ಕದಲ್ಲಿ ನೀವು ಪೂರ್ತಿ ನಿವಾಸಿ ಆದ ಮೇಲೆ ಬ್ರಿಟನ್ ಕಂಪನಿಯ ಡಿವಿಡೆಂಡಿಗೂ ಭಾರತದ ತೆರಿಗೆ ಉಂಟು, ಇಲ್ಲಿ ಹಂಚಿಕೊಂಡ ಪಾಲಿಗೂ ಅಲ್ಲಿನ ಕ್ಲಬ್ಬಿಂಗ್ ನಿಯಮ ತಾಗುತ್ತದೆ. ಕಂಪನಿ ಮುಚ್ಚಬೇಕೋ, ಕೂಡಿಟ್ಟ ಲಾಭ ಯಾವಾಗ ತೆಗೆಯಬೇಕೋ ಅನ್ನೋದನ್ನು ವಿಮಾನದ ಟಿಕೆಟ್ ಮಾಡಿಸುವ ಮೊದಲೇ ಎರಡೂ ಕಡೆಯ ಲೆಕ್ಕಿಗರನ್ನು ಕೂರಿಸಿ ಮಾತಾಡಿ.