ಐಸ್ ಕ್ಯಾಂಡಿಗೆ ಕೋರಂ ಇದೆಯೇ?

ಅಮೆರಿಕದ ಯಾವುದಾದರೂ ಊರಿನ ಪ್ರಾಥಮಿಕ ಶಾಲೆಯ ಗ್ರಂಥಾಲಯಕ್ಕೆ ಮಂಗಳವಾರ ಸಂಜೆ ಏಳಕ್ಕೆ ಹೋಗಿ ನೋಡಿ. ಎರಡನೇ ತರಗತಿ ಮಕ್ಕಳ ಕುರ್ಚಿಗಳಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಒಂಬತ್ತು ಜನ ದೊಡ್ಡವರು ಮುದುಡಿ ಕೂತಿರುತ್ತಾರೆ. ಮುಂದಿರುವ ವಿಷಯ: ಕ್ರೀಡಾದಿನಕ್ಕೆ 180 ಡಾಲರಿನ ಐಸ್ ಕ್ಯಾಂಡಿ. ಒಂಬತ್ತೂವರೆಗೆ ಸಭೆ ಮುಗಿದಾಗ ಐಸ್ ಕ್ಯಾಂಡಿ ಮಂಜೂರಾಗಿರುವುದಿಲ್ಲ. ಬೈಲಾ, ಅಂದರೆ ಸಂಘದ ಒಳನಿಯಮಗಳ, ಪರಿಶೀಲನಾ ಉಪಸಮಿತಿಯೊಂದು ಮಾತ್ರ ಹುಟ್ಟಿರುತ್ತದೆ.

ಇದು ಪಿಟಿಎ ಅಥವಾ ಪಿಟಿಒ. ಎರಡೂ ಪೋಷಕರು ಮತ್ತು ಶಿಕ್ಷಕರ ಸಂಘವೇ. ಪಿಟಿಎ ಎಂದರೆ 1897ರಲ್ಲಿ ವಾಷಿಂಗ್ಟನ್ನಿನಲ್ಲಿ ತಾಯಂದಿರ ಸಮಾವೇಶವಾಗಿ ಶುರುವಾದ ರಾಷ್ಟ್ರೀಯ ಸಂಸ್ಥೆಯ ಶಾಖೆ. ಮೇಲಕ್ಕೆ ಚಂದಾ ಹೋಗುತ್ತದೆ, ಮೇಲಿನಿಂದ ಬೈಲಾ ಬರುತ್ತದೆ, ಅದರ ಕೆಲವು ಕಲಮುಗಳನ್ನು ಇಲ್ಲಿನವರು ಮುಟ್ಟುವಂತಿಲ್ಲ. ಪಿಟಿಒ ಸ್ವತಂತ್ರ, ಅದರ ಬೈಲಾ ಸ್ವಂತದ್ದು. ಸ್ವಂತದ್ದು ಎಂದರೆ ಎಂದೋ ಯಾರೋ ಪಕ್ಕದ ಶಾಲೆಯದನ್ನು ನಕಲು ಮಾಡಿ ಹೆಸರು ಬದಲಿಸಿದ್ದು. ಮೂರನೇ ಪುಟದಲ್ಲಿ ಪಕ್ಕದ ಶಾಲೆಯ ಹೆಸರು ಹಾಗೇ ಉಳಿದಿರುತ್ತದೆ. ಬೇ ಏರಿಯಾ, ಡಲ್ಲಾಸ್, ನ್ಯೂಜೆರ್ಸಿಯ ಕನ್ನಡಿಗರು ಒಂದು ಟ್ರೇ ಸಮೋಸ ಹಿಡಿದು ಈ ಸಭೆಗೆ ಹೋಗಿ, ಖಜಾಂಚಿಯಾಗಿ ಮನೆಗೆ ಬರುತ್ತಾರೆ. ಇಂಡಿಯಾದವರು ಲೆಕ್ಕದಲ್ಲಿ ಜಾಣರು ಎಂಬ ಖ್ಯಾತಿ ಇಷ್ಟಕ್ಕಾದರೂ ಉಪಯೋಗಕ್ಕೆ ಬಂತು.

ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಡುವುದು ಇಲ್ಲಿ ಮಾಮೂಲು. ಆ ಅಸ್ತ್ರದ ಹೆಸರು ರಾಬರ್ಟ್ಸ್ ರೂಲ್ಸ್, ಸಭೆ ನಡೆಸುವ ನಿಯಮಗಳ ಪುಸ್ತಕ. ಹೆನ್ರಿ ಮಾರ್ಟಿನ್ ರಾಬರ್ಟ್ ಅಮೆರಿಕ ಸೇನೆಯ ಎಂಜಿನಿಯರ್. 1863ರಲ್ಲಿ ನ್ಯೂ ಬೆಡ್‌ಫರ್ಡ್ ಊರಿನ ಚರ್ಚಿನಲ್ಲಿ ಸಭೆಯೊಂದರ ಅಧ್ಯಕ್ಷತೆ ಇವನ ತಲೆಗೆ ಬಂತು. ಸಭೆ ಸಂತೆಯಾಯಿತು. ಆ ಅವಮಾನ ಅರಗದೆ ಕೂತು ಓದಿ, ಬರೆದು, 1876ರಲ್ಲಿ 176 ಪುಟದ ಜೇಬುಪುಸ್ತಕ ಹೊರತಂದ. 2020ರ ಹನ್ನೆರಡನೇ ಆವೃತ್ತಿ 700 ಪುಟ ದಾಟಿದೆ, ಅದು ಹಿಡಿಸುವ ಜೇಬನ್ನು ಯಾವ ದರ್ಜಿಯೂ ಹೊಲಿದಿಲ್ಲ. 1900ರ ಚಂಡಮಾರುತದ ನಂತರ ಗ್ಯಾಲ್ವೆಸ್ಟನ್ನಿಗೆ ಕಡಲಗೋಡೆಯ ಯೋಜನೆ ಹಾಕಿಕೊಟ್ಟ ಮೂವರು ಎಂಜಿನಿಯರರಲ್ಲೂ ಇವನೊಬ್ಬ. ಕಡಲು ಅವನ ಮಾತು ಕೇಳಿತು.

ಅಸ್ತ್ರ ಹಿಡಿದವರು ಅದನ್ನು ಓದಿರುವುದಿಲ್ಲ, ತಮಾಷೆ ಇರುವುದೇ ಅಲ್ಲಿ. ಸುಮಾರು ಒಂದು ಡಜನ್ ಜನ ಮೀರದ ಬೋರ್ಡಿಗೆ ಈ ಬಿಗಿ ಬೇಡ ಎಂದು ಪುಸ್ತಕವೇ ಹೇಳುತ್ತದೆ. ಅಲ್ಲಿ ಸೂಚನೆಗೆ ಅನುಮೋದಕರು ಬೇಕಿಲ್ಲ, ಎದ್ದು ನಿಂತು ಮಾತಾಡಬೇಕಿಲ್ಲ, ಅಧ್ಯಕ್ಷರೂ ವಾದ ಮಾಡಬಹುದು, ಮತ ಹಾಕಬಹುದು. ಆದರೂ ಒಂಬತ್ತು ಜನರ ಬೋರ್ಡಿನಲ್ಲಿ "ಸೆಕೆಂಡ್ ಯಾರು ಮಾಡಿದ್ರು? ಮಿನಿಟ್ಸ್‌ನಲ್ಲಿ ಹೆಸರು ಬರಬೇಕು" ಎಂದು ಇಪ್ಪತ್ತು ನಿಮಿಷ ಹೋಗುತ್ತದೆ. ಅನುಮೋದಿಸಿದವರ ಹೆಸರನ್ನು ಮಿನಿಟ್ಸ್‌ನಲ್ಲಿ ಬರೆಯುವುದೇ ಬೇಡ ಎಂದೂ ಅದೇ ಪುಸ್ತಕ ಹೇಳುತ್ತದೆ. ಮಿನಿಟ್ಸ್ ಇರುವುದು ಏನಾಯಿತು ಎಂದು ಬರೆಯಲು, ಯಾರು ಏನೆಂದರು ಎಂದಲ್ಲ. ನಮ್ಮ ಕಾರ್ಯದರ್ಶಿಗಳು ಯಾರು ಯಾರ ಮೇಲೆ ರೇಗಿದರು ಎಂಬುದನ್ನೂ ಧಾರಾವಾಹಿಯ ಕಂತಿನಂತೆ ಬರೆದಿಟ್ಟು, ಮುಂದಿನ ತಿಂಗಳ ಜಗಳಕ್ಕೆ ಅಡಿಪಾಯ ಹಾಕುತ್ತಾರೆ.

ಇನ್ನೊಂದು ಸಂಗತಿ. ಬೈಲಾ ಮತ್ತು ರಾಬರ್ಟ್ ತಾಕಲಾಡಿದರೆ ಗೆಲ್ಲುವುದು ಬೈಲಾ. ಬೈಲಾಕ್ಕಿಂತ ಮೇಲೆ ಸಂಸ್ಥೆಯ ನೋಂದಣಿ ಪತ್ರ, ಅದಕ್ಕೂ ಮೇಲೆ ರಾಜ್ಯದ ಕಾನೂನು. "ಹಿಂದಿನಿಂದಲೂ ಹೀಗೇ ನಡ್ಕೊಂಡು ಬಂದಿದೆ" ಎಂಬುದಕ್ಕೆ ಸಾಲಿನ ಕಟ್ಟಕಡೆಯ ಜಾಗ. ಸಭೆಯಲ್ಲಿ ಈ ಕ್ರಮ ಬುಡಮೇಲಾಗಿರುತ್ತದೆ.

ಕನ್ನಡಿಗ ಪೋಷಕರಿಗೆಂದೇ ತೋಡಿಟ್ಟ ಗುಂಡಿಯೂ ಒಂದಿದೆ. ವಿಧಾನಸಭೆಯ ಸುದ್ದಿ ಓದಿ ಬೆಳೆದ ನಮಗೆ ಟೇಬಲ್ ಮಾಡುವುದೆಂದರೆ ಸದನದ ಮುಂದೆ ಮಂಡಿಸುವುದು. ಅಮೆರಿಕದಲ್ಲಿ ಟೇಬಲ್ ಮಾಡುವುದೆಂದರೆ ಎತ್ತಿ ಪಕ್ಕಕ್ಕಿಡುವುದು. ಸಮೋಸದ ಖಜಾಂಚಿ ಉತ್ಸಾಹದಿಂದ "ಬಜೆಟ್ಟನ್ನು ಟೇಬಲ್ ಮಾಡೋಣ" ಎನ್ನುತ್ತಾರೆ. ಕೈಗಳು ಏಳುತ್ತವೆ, ಬಜೆಟ್ ಕಪಾಟು ಸೇರುತ್ತದೆ. ರಾಬರ್ಟನ ಲೆಕ್ಕದಲ್ಲಿ ಇಬ್ಬರದೂ ತಪ್ಪು. ತುರ್ತಿನ ಬೇರೆ ವಿಷಯ ಬಂದಾಗ ಇರುವುದನ್ನು ಸ್ವಲ್ಪ ಹೊತ್ತು ಸರಿಸಲಷ್ಟೇ ಆ ಸೂಚನೆ. ಮುಂದಿನ ತಿಂಗಳಿಗೆ ತಳ್ಳಬೇಕಿದ್ದರೆ "ಇಂಥ ದಿನಕ್ಕೆ ಮುಂದೂಡೋಣ" ಎನ್ನಬೇಕು.

ಮೂರನೇ ಎರಡು ಬಹುಮತದ ಕಥೆಯೂ ಹೀಗೇ. ಸಭೆಯಲ್ಲಿ 30 ಜನ. ಬೈಲಾ ತಿದ್ದುಪಡಿಯ ಪರ 18, ವಿರುದ್ಧ 8, ನಾಲ್ವರು ತಟಸ್ಥರು. ಬೈಲಾದಲ್ಲಿ "ಚಲಾಯಿಸಿದ ಮತಗಳ ಮೂರನೇ ಎರಡು" ಎಂದಿದ್ದರೆ 26ಕ್ಕೆ 18 ಸಾಕು, ಪಾಸು. "ಹಾಜರಿದ್ದವರ ಮೂರನೇ ಎರಡು" ಎಂದಿದ್ದರೆ 20 ಬೇಕು, ಬಿದ್ದುಹೋಯಿತು. ಅಂದರೆ ಯಾವ ಕಡೆಗೂ ಸೇರಲೊಲ್ಲದೆ ಫೋನು ನೋಡುತ್ತ ಕೂತ ಆ ನಾಲ್ವರೇ ಬೀಳಿಸಿದ್ದು. ಬೈಲಾದಲ್ಲಿ ಬರೀ "ಮೂರನೇ ಎರಡು" ಎಂದಿದ್ದರೆ ರಾಬರ್ಟನ ಪ್ರಕಾರ ಮೊದಲಿನ ಅರ್ಥ. ಆದರೆ ಸೋತ ಬಣಕ್ಕೆ ಯಾವಾಗಲೂ ಎರಡನೆಯದೇ ಹೊಳೆಯುತ್ತದೆ.

ಎಲ್ಲಕ್ಕೂ ಕಿರೀಟವಿಟ್ಟಂತೆ ಕೋರಂ ಇದೆ, ಅಂದರೆ ಸಭೆ ತೀರ್ಮಾನ ಮಾಡಲು ಇರಲೇಬೇಕಾದ ಕನಿಷ್ಠ ಹಾಜರಿ. ಪಿಟಿಒ ಬೈಲಾ ಬರೆದ ಪುಣ್ಯಾತ್ಮರು ಒಂದು ಕಲಮಿನಲ್ಲಿ "ಎಲ್ಲ ಪೋಷಕರೂ ತಾವಾಗಿಯೇ ಸದಸ್ಯರು" ಎಂದು ಔದಾರ್ಯ ಮೆರೆದಿರುತ್ತಾರೆ. ಇನ್ನೊಂದರಲ್ಲಿ "ಸದಸ್ಯರ ಶೇ. 10 ಕೋರಂ". ಐನೂರು ಮಕ್ಕಳಿಗೆ 800 ಪೋಷಕರು ಎಂದುಕೊಳ್ಳಿ, ಸಭೆಗೆ 80 ಜನ ಬೇಕು. ಬರುವವರು 14. ಅದರಲ್ಲಿ ಒಂಬತ್ತು ಬೋರ್ಡಿನವರೇ, ಇಬ್ಬರು ಅವರ ಗಂಡಂದಿರು. ಕೋರಂ ಇಲ್ಲದ ಸಭೆಗೆ ಮಾಡಲು ಉಳಿದಿರುವುದು ಇಷ್ಟೆ: ಮುಗಿಸಬಹುದು, ವಿರಾಮ ಕೊಡಬಹುದು, ಮತ್ತೆ ಸೇರುವ ದಿನ ಗೊತ್ತು ಮಾಡಬಹುದು, ಜನರನ್ನು ಹಿಡಿದು ತರಲು ಓಡಬಹುದು. ಕಾರ್ಯದರ್ಶಿ ಪಾರ್ಕಿಂಗ್ ಲಾಟಿಗೆ ಓಡಿ, ಬ್ಯಾಸ್ಕೆಟ್‌ಬಾಲ್ ಮುಗಿಸಿದ ಮಗುವನ್ನು ಕರೆದೊಯ್ಯಲು ಬಂದವರ ಕಾರಿನ ಗಾಜು ತಟ್ಟುತ್ತಾರೆ. ಕೋರಂ ಸಂಖ್ಯೆ ಇಳಿಸಿದರಾಯಿತು ಎನ್ನುತ್ತೀರಿ. ಇಳಿಸಲು ಬೈಲಾ ತಿದ್ದಬೇಕು, ಬೈಲಾ ತಿದ್ದಲು ಕೋರಂ ಬೇಕು.

ಅನುಭವಸ್ಥರು ಕಂಡುಕೊಂಡ ಉಪಾಯವೊಂದಿದೆ: ಎರಡನೇ ತರಗತಿಯ ಸಂಗೀತ ಕಾರ್ಯಕ್ರಮಕ್ಕೆ ಹತ್ತು ನಿಮಿಷ ಮೊದಲು, ಅದೇ ಸಭಾಂಗಣದಲ್ಲಿ ಸಭೆ ಇಡುವುದು. ಮಗಳು ವೇದಿಕೆ ಹತ್ತುವ ತನಕ ಅಪ್ಪಅಮ್ಮ ಕದಲುವುದಿಲ್ಲ, ಅಜ್ಜಿಯರನ್ನು ಬಿಟ್ಟು ಎಣಿಸಿದರೂ ನೂರು ದಾಟುತ್ತದೆ. ಆದರೆ ತಿದ್ದುಪಡಿಯ ಒಕ್ಕಣೆಯನ್ನು ಬೈಲಾ ಹೇಳಿದಷ್ಟು ದಿನ ಮುಂಚೆ ನೋಟಿಸಿನಲ್ಲಿ ಕಳಿಸಿರಬೇಕು. ಕಳಿಸಿದ್ದೂ ಆಯಿತು, ಕೋರಂ 80ರಿಂದ 20ಕ್ಕೆ ಎಂದು. ಆಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು "20 ಯಾಕೆ, 12 ಮಾಡಿ" ಎನ್ನುತ್ತಾರೆ. ನೋಟಿಸಿನ ವ್ಯಾಪ್ತಿ 80 ಮತ್ತು 20ರ ನಡುವೆ. 25 ಎಂದರೆ ನಡೆಯುತ್ತಿತ್ತು, 12 ನಡೆಯುವುದಿಲ್ಲ. ಇದನ್ನು ಅಧ್ಯಕ್ಷರು ವಿವರಿಸುತ್ತಿರುವಾಗಲೇ ಪಿಯಾನೊ ಶುರುವಾಗುತ್ತದೆ.

ವಾಟ್ಸ್ಯಾಪ್‌ನಲ್ಲಿ ಹೆಬ್ಬೆರಳು ಒತ್ತಿಸಿಕೊಂಡು ಮಂಜೂರು ಮಾಡುವ ಚಾಳಿಯೂ ಉಂಟು. ಬೈಲಾ ಒಪ್ಪದಿದ್ದರೆ ಆ ಹೆಬ್ಬೆರಳಿಗೆ ಸಭೆಯಲ್ಲಿ ಬೆಲೆಯಿಲ್ಲ. ಅದಿರಲಿ.

ಮದುವೆ ಗದ್ದಲದಲ್ಲಿ ತಾಳಿ ಕಟ್ಟುವುದನ್ನೇ ಮರೆತರಂತೆ. ವರ್ಷಕ್ಕೆ ಸಾಮಾನ್ಯವಾಗಿ 50,000 ಡಾಲರ್ ಮೀರದ ಆದಾಯದ ಇಂಥ ಸಂಘ ಅಮೆರಿಕದ ತೆರಿಗೆ ಇಲಾಖೆಗೆ ಪ್ರತಿವರ್ಷ 990-ಎನ್ ಎಂಬ ಪುಟ್ಟ ಇ-ಪೋಸ್ಟ್‌ಕಾರ್ಡ್ ಸಲ್ಲಿಸಬೇಕು. ಲೆಕ್ಕದ ವರ್ಷ ಜೂನ್ 30ಕ್ಕೆ ಮುಗಿದರೆ ಗಡುವು ನವೆಂಬರ್ 15. ಕೇಳುವುದು ಎಂಟೇ ವಿವರ, ಶುಲ್ಕವಿಲ್ಲ. ಸತತ ಮೂರು ವರ್ಷ ತಪ್ಪಿದರೆ ತೆರಿಗೆ ವಿನಾಯಿತಿ ತಾನಾಗಿಯೇ ರದ್ದು, ಯಾರ ಮತವೂ ಬೇಕಿಲ್ಲ. ನೆನಪಿನ ಪತ್ರ ಹೋಗುವುದು ಮೂರು ಖಜಾಂಚಿಗಳ ಹಿಂದಿನ ಖಜಾಂಚಿಯ ಮನೆ ವಿಳಾಸಕ್ಕೆ. ಅವರ ಮಗ ಈಗ ಹೈಸ್ಕೂಲು.

ವಿನಾಯಿತಿ ಮರಳಿ ಪಡೆಯಲು 1023-ಇಝಡ್ ಅರ್ಜಿ ಹಾಕಬೇಕು, ಶುಲ್ಕ 275 ಡಾಲರ್. ಸಮೋಸದ ಖಜಾಂಚಿ ಚೆಕ್ ಬರೆದಿಟ್ಟಿದ್ದಾರೆ, ಎರಡನೇ ಸಹಿಯೂ ಬಿದ್ದಿದೆ. ಬಜೆಟ್ಟಿನಲ್ಲಿಲ್ಲದ ಖರ್ಚಾದ್ದರಿಂದ ಸಾಮಾನ್ಯ ಸಭೆಯ ಒಪ್ಪಿಗೆ ಬೇಕಂತೆ. ಮಂಗಳವಾರ ಏಳಕ್ಕೆ, ಗ್ರಂಥಾಲಯದಲ್ಲಿ. ಇನ್ನೂ 66 ಜನ ಬೇಕು.