ರಾತ್ರಿ ದಡದಲ್ಲಿ ಉಳಿಯುವುದಾದರೆ ಹಡಗು ಎಲ್ಲಿರುತ್ತದೆ?

ಕ್ರೂಸ್ ಹೊರಡುವವರ ನಡುವೆ ಒಂದು ವಾದ ಮುಗಿಯುವುದೇ ಇಲ್ಲ. ದಡಕ್ಕಿಳಿದು ಒಂದೆರಡು ರಾತ್ರಿ ಹೊರಗೆ ತಂಗುವ ಪ್ರವಾಸವನ್ನು ಹಡಗು ಕಂಪನಿಯಿಂದಲೇ ಕೊಳ್ಳಬೇಕೋ, ನಾವೇ ಹೊಂದಿಸಿಕೊಳ್ಳಬೇಕೋ? ಕಂಪನಿಗೆ ಹಣ ಸುರಿಯುವವರು ದಡ್ಡರೆಂದು ಒಂದು ಗುಂಪು ಹೇಳುತ್ತದೆ, ಸ್ವಂತವಾಗಿ ಹೋಗುವವರಿಗೆ ತಲೆ ಕೆಟ್ಟಿದೆ ಎಂದು ಇನ್ನೊಂದು. ಇಬ್ಬರೂ ಹಗಲಿನ ಪ್ರವಾಸದ ಲೆಕ್ಕವನ್ನೇ ರಾತ್ರಿಯ ಪ್ರವಾಸಕ್ಕೂ ಹಾಕುತ್ತಾರೆ ಎಂಬುದು ನನ್ನ ತಕರಾರು. ಬೆಳಿಗ್ಗೆ ಹೋಗಿ ಸಂಜೆ ಬರುವುದಾದರೆ ಪ್ರಶ್ನೆ ಹೆಚ್ಚುಕಡಿಮೆ ದುಡ್ಡಿನದು. ರಾತ್ರಿ ಉಳಿಯುವಾಗ ನಾನು ದರಪಟ್ಟಿ ತೆರೆಯುವ ಮೊದಲೇ ನೋಡಿಕೊಳ್ಳುವುದು ಒಂದೇ ವಿಷಯ: ನಾನು ಹೋಟೆಲಿನಲ್ಲಿ ಮಲಗಿರುವ ಹೊತ್ತಿನಲ್ಲಿ ಹಡಗು ಎಲ್ಲಿರುತ್ತದೆ?

ಅದೇ ಬಂದರಿನಲ್ಲಿ ಕಟ್ಟಿ ನಿಂತಿದ್ದರೆ ನಾನು ಕಂಪನಿಯ ಪ್ರವಾಸ ಕೊಳ್ಳುವುದಿಲ್ಲ. ಬಂಡೆಯಲ್ಲಿ ಕೊರೆದ ಪ್ರಾಚೀನ ನಗರ ಪೆಟ್ರಾವನ್ನೇ ನೋಡಿ. ಜೋರ್ಡಾನಿನ ಅಕಾಬಾ ಬಂದರಿನಿಂದ ಅಲ್ಲಿಗೆ ರಸ್ತೆಯಲ್ಲಿ ಸುಮಾರು ಎರಡು ಗಂಟೆ. ಹಡಗಿನ ಬಸ್ಸುಗಳು ಸಾಲಾಗಿ ಹೊರಟು, ಬಿಸಿಲೇರಿದ ಮೇಲೆ ತಲುಪಿ, ಎಲ್ಲರನ್ನೂ ಆ ಕಿರಿದಾದ ಕಲ್ಲಿನ ಕಣಿವೆಯೊಳಗೆ ಒಟ್ಟಿಗೆ ಬಿಡುತ್ತವೆ. ಖಜಾನೆ ಎಂದು ಕರೆಯುವ ಆ ಪ್ರಸಿದ್ಧ ಮುಂಭಾಗದ ಎದುರು ಫೋಟೊ ತೆಗೆಸಿಕೊಂಡು, ಸ್ವಲ್ಪ ಮುಂದೆ ಹೋಗಿ, ಗಡಿಯಾರ ನೋಡಿ ತಿರುಗಿ ಬರಬೇಕು. ಪಕ್ಕದ ವಾದಿ ಮೂಸಾ ಊರಿನಲ್ಲಿ ತಂಗಿದವರು ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ಒಳಗಿರುತ್ತಾರೆ. ಸುಮಾರು 800 ಮೆಟ್ಟಿಲು ಹತ್ತಿ ಮೇಲಿನ ಮಠದವರೆಗೂ ಹೋಗುವ ವ್ಯವಧಾನ ಅವರಿಗಿರುತ್ತದೆ. ವಾರದ ಕೆಲವು ರಾತ್ರಿ ಕಣಿವೆಯುದ್ದಕ್ಕೂ ಮೇಣದಬತ್ತಿ ಹಚ್ಚಿಡುತ್ತಾರೆ, ಅದನ್ನು ನೋಡುವ ಅವಕಾಶವೂ ಅಲ್ಲೇ ಉಳಿದವರಿಗೆ ಮಾತ್ರ. ಇದಕ್ಕೆ ಬೇಕಾಗುವುದು ಒಂದು ಕಾರು, ಒಂದು ಹೋಟೆಲ್ ಕೋಣೆ, ಅಷ್ಟೆ. ಹಡಗಿನಲ್ಲೇ ಪರಿಚಯವಾದ ಇನ್ನಿಬ್ಬರು ಜೊತೆಗೂಡಿದರೆ ಕಾರಿನ ಬಾಡಿಗೆ ಹಂಚಿಹೋಗುತ್ತದೆ.

ಈಜಿಪ್ಟಿನ ಸಫಾಗಾದಿಂದ ಲಕ್ಸರ್‌ಗೆ ಹೋಗುವುದೂ ಹೀಗೆಯೇ. ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಮರುಭೂಮಿ ದಾಟಿ ಒಂದೇ ದಿನದಲ್ಲಿ ಹೋಗಿ ಬರುವವರು ನೋಡುವುದಕ್ಕಿಂತ ಹೆಚ್ಚು ಕೂತಿರುತ್ತಾರೆ. ಒಂದು ರಾತ್ರಿ ಉಳಿದರೆ ಸಂಜೆಯ ತಂಪಿನಲ್ಲಿ ಕಾರ್ನಾಕ್ ದೇವಾಲಯ, ಬೆಳಗಿನ ಜಾವಕ್ಕೆ ನೈಲ್ ದಾಟಿ ಫರೋಗಳ ಸಮಾಧಿಗಳಿರುವ ರಾಜರ ಕಣಿವೆ. ಕಂಪನಿಯ ಪ್ರವಾಸದಲ್ಲೂ ಇವೆಲ್ಲ ಇರುತ್ತವೆ, ಸುಳ್ಳು ಹೇಳಬಾರದು. ಆದರೆ ಅದನ್ನು ನಡೆಸುವವರು ಸಾಮಾನ್ಯವಾಗಿ ಅಲ್ಲಿನದೇ ಪ್ರವಾಸ ಸಂಸ್ಥೆಯವರು. ನಡುವೆ ಹಡಗು ಕಂಪನಿಯ ಲಾಭ ಸೇರಿಕೊಳ್ಳುತ್ತದೆ, ಯಾರೂ ಕೇಳದಿದ್ದರೂ ಕರಕುಶಲ ವಸ್ತುಗಳ ಅಂಗಡಿಯೊಂದರ ಭೇಟಿಯೂ ಸೇರಿಕೊಳ್ಳುತ್ತದೆ.

ಇನ್ನೊಂದು ಬಗೆಯ ಪ್ರವಾಸದಲ್ಲಿ ನಾವು ಒಳನಾಡಿನಲ್ಲಿರುವಾಗ ಹಡಗು ಮುಂದಕ್ಕೆ ಹೊರಟುಬಿಡುತ್ತದೆ, ಇನ್ನೊಂದು ಬಂದರಿನಲ್ಲಿ ನಾವು ಅದನ್ನು ಸೇರಿಕೊಳ್ಳಬೇಕು. ಹಡಗು ಸೂಯೆಜ್ ಕಾಲುವೆ ದಾಟುವ ಹೊತ್ತಿನಲ್ಲಿ ಕೈರೋದಲ್ಲಿ ತಂಗಿ, ಮರುದಿನ ಕೆಂಪು ಸಮುದ್ರದ ಕಡೆಯಿಂದ ಹತ್ತುವುದು ಇದಕ್ಕೆ ಹಳೆಯ ಉದಾಹರಣೆ. ಇಂಥ ಕಡೆ ಸ್ವಂತ ಸಾಹಸಕ್ಕೆ ನಾನು ಕೈ ಹಾಕುವುದಿಲ್ಲ. ಮೊದಲನೆಯದಾಗಿ, ಬೇರೆ ಬಂದರಿನಲ್ಲಿ ಹತ್ತಲು ಕಂಪನಿಯ ಅನುಮತಿ ಮೊದಲೇ ಬೇಕು. ಯಾತ್ರಿಕರ ಪಟ್ಟಿ ಎರಡೂ ಬಂದರುಗಳ ಅಧಿಕಾರಿಗಳ ಕೈಯಲ್ಲಿರುತ್ತದೆ, ಅದನ್ನು ನಾವು ಮನಬಂದಂತೆ ತಿದ್ದಲಾಗದು. ಎಷ್ಟೋ ಹಡಗುಗಳಲ್ಲಿ ಪಾಸ್‌ಪೋರ್ಟ್ ಕೂಡ ನಮ್ಮ ಬಳಿ ಇರುವುದಿಲ್ಲ, ಹಡಗಿನ ಕಚೇರಿಯಲ್ಲಿರುತ್ತದೆ. ಅದನ್ನು ಕೇಳಿ ಪಡೆಯದೆ ಇಳಿದವರಿಗೆ ಹೋಟೆಲಿನಲ್ಲಿ ಕೋಣೆ ಸಿಗುವುದೂ ಕಷ್ಟ, ವಿಮಾನದ ಮಾತಂತೂ ದೂರ.

ವೀಸಾ ಇನ್ನೊಂದು ಗಂಟು. ಹಡಗು ವಿಯೆಟ್ನಾಮಿನಲ್ಲಿ ಎರಡು ದಿನ ನಿಂತಿದೆ, ಆ ನಡುವೆ ವಿಮಾನದಲ್ಲಿ ಕಾಂಬೋಡಿಯಾಕ್ಕೆ ಹೋಗಿ ಆಂಕೋರ್‌ನ ಹಳೆಯ ದೇವಾಲಯಗಳನ್ನು ನೋಡಿಕೊಂಡು ಬರೋಣ ಎಂದುಕೊಳ್ಳಿ. ಹಡಗು ಕದಲಿಲ್ಲ, ನಿಜ. ಆದರೆ ನೀವು ದೇಶ ಬಿಟ್ಟು ಮತ್ತೆ ಒಳಗೆ ಬರುತ್ತಿದ್ದೀರಿ. ವಿಯೆಟ್ನಾಮಿಗೆ ಒಂದೇ ಪ್ರವೇಶದ ವೀಸಾ ಹಿಡಿದವರು ವಾಪಸಾಗುವಾಗ ಆಂಕೋರ್ ಪಕ್ಕದ ಊರಾದ ಸಿಯೆಮ್ ರೀಪ್‌ನ ವಿಮಾನ ನಿಲ್ದಾಣದಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಕಂಪನಿಯ ಪ್ರವಾಸ ಕೊಂಡರೂ ವೀಸಾದ ಹೊಣೆ ನಮ್ಮದೇ ಎಂದು ಕರಾರಿನಲ್ಲಿ ಬರೆದಿರುತ್ತಾರೆ, ಆದರೆ ಯಾವ ಬಗೆಯ ವೀಸಾ ಬೇಕೆಂದು ಅವರು ಮೊದಲೇ ತಿಳಿಸುತ್ತಾರೆ.

ಹಡಗು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2024ರ ಮಾರ್ಚ್‌ನಲ್ಲಿ ಇಡೀ ಜಗತ್ತಿಗೆ ಒಂದು ಉದಾಹರಣೆ ಸಿಕ್ಕಿತು. ಆಫ್ರಿಕಾದ ಪಶ್ಚಿಮಕ್ಕಿರುವ ಸಾವೊ ತೋಮೆ ದ್ವೀಪದಲ್ಲಿ ಎಂಟು ಮಂದಿ ಖಾಸಗಿ ಪ್ರವಾಸ ಮುಗಿಸಿ ತಡವಾಗಿ ಬಂದರು. ಹಡಗು ಇನ್ನೂ ಲಂಗರು ಹಾಕಿಯೇ ಇತ್ತು. ಕರಾವಳಿ ಕಾವಲು ಪಡೆಯ ದೋಣಿಯಲ್ಲಿ ಅದರ ಬಳಿಯವರೆಗೂ ಹೋದರು, ಆದರೂ ಹತ್ತಿಸಿಕೊಳ್ಳಲಿಲ್ಲ. ಅವರು ಹಲವು ದೇಶಗಳನ್ನು ಸುತ್ತಿ ಗ್ಯಾಂಬಿಯಾ ತಲುಪಿದರೆ ಸಮುದ್ರದ ಇಳಿತದಿಂದಾಗಿ ಹಡಗು ಅಲ್ಲಿಗೆ ಬರಲೇ ಇಲ್ಲ, ಕೊನೆಗೆ ಸೆನೆಗಲ್‌ವರೆಗೆ ಹೋಗಬೇಕಾಯಿತು. ಅದು ಕೇವಲ ಹಗಲಿನ ಪ್ರವಾಸವಾಗಿತ್ತು! ಕಂಪನಿಯದೇ ಪ್ರವಾಸ ತಡವಾಗಿದ್ದರೆ ಹಡಗು ಕಾಯುತ್ತದೆ, ಇಲ್ಲವೇ ಕಂಪನಿಯೇ ಖರ್ಚು ಹಾಕಿ ಮುಂದಿನ ಬಂದರಿಗೆ ಮುಟ್ಟಿಸುತ್ತದೆ. ನಾವು ಹೆಚ್ಚು ಹಣ ಕೊಡುವುದು ಈ ಮಾತಿಗೆ. ಗೈಡು, ಹೋಟೆಲು, ಊಟ ಎಲ್ಲೂ ಸಿಗುತ್ತವೆ.

ಆದರೆ ಅಪಾಯ ಒಂದೇ ದಿಕ್ಕಿನಿಂದ ಬರುತ್ತದೆ ಎಂದುಕೊಳ್ಳಬೇಡಿ. ನಮಗೆ ಹಡಗು ತಪ್ಪುವಂತೆ ಹಡಗಿಗೂ ಬಂದರು ತಪ್ಪುತ್ತದೆ. ಗಾಳಿ ಜೋರಾದರೆ ಕ್ಯಾಪ್ಟನ್ ಬಂದರಿಗೆ ಬೆನ್ನು ತಿರುಗಿಸಿ ಹೋಗುತ್ತಾನೆ, ಅವನನ್ನು ಪ್ರಶ್ನಿಸುವಂತಿಲ್ಲ. ಆಗ ಕಂಪನಿಯಿಂದ ಕೊಂಡ ಪ್ರವಾಸದ ಹಣ ಹಿಂದಕ್ಕೆ ಬರುತ್ತದೆ. ಹೊರಗೆ ಮುಂಗಡ ಕೊಟ್ಟವರು ಗೈಡಿನ ದಾಕ್ಷಿಣ್ಯವನ್ನೂ ಹೋಟೆಲಿನ ನಿಯಮವನ್ನೂ ನಂಬಿ ಕೂರಬೇಕು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಅನೇಕ ಕ್ರೂಸ್ ಕಂಪನಿಗಳು ಆ ಮಾರ್ಗವನ್ನೇ ಕೈಬಿಟ್ಟವು. ನಾನು ಮೇಲೆ ಹೊಗಳಿದ ಪೆಟ್ರಾ, ಲಕ್ಸರ್ ಎರಡೂ ಆ ದಾರಿಯಲ್ಲೇ ಇವೆ. ಹಾಗಾಗಿ ಸ್ವಂತವಾಗಿ ಹೊಂದಿಸುವವರು, ಸ್ವಲ್ಪ ದುಬಾರಿಯಾದರೂ ಸರಿ, ಕೊನೆಯ ಗಳಿಗೆಯವರೆಗೆ ರದ್ದು ಮಾಡಬಹುದಾದ ಕೋಣೆಯನ್ನೇ ಹಿಡಿಯಬೇಕು. ವಿಮೆಯ ಕಾಗದವನ್ನೂ ಓದಿ. ಪ್ರವಾಸದ ಆರಂಭದಲ್ಲಿ ಹಡಗು ತಪ್ಪಿದರೆ ಪರಿಹಾರ ಕೊಡುವ ಪಾಲಿಸಿಯು ನಡುವಿನ ಬಂದರಿನಲ್ಲಿ ತಪ್ಪಿದ್ದಕ್ಕೂ ಕೊಡುತ್ತದೆ ಎಂಬ ಭರವಸೆಯಿಲ್ಲ.

ಹಡಗು ಕಟ್ಟಿ ನಿಂತಿದ್ದರೆ ಸ್ವಂತ, ಹೊರಟರೆ ಕಂಪನಿ ಎಂಬ ನನ್ನ ನಿಯಮಕ್ಕೆ ನಾನೇ ಕೊಡುವ ವಿನಾಯಿತಿ ಬೆಟ್ಟದ ಮೇಲಿನ ಇಂಕಾ ಜನರ ಹಳೆಯ ಊರು ಮಾಚು ಪಿಚು. ಪೆರುವಿನ ಕಯಾವೊ ಬಂದರಿನಲ್ಲಿ ಹಡಗು ಎರಡು ರಾತ್ರಿ ನಿಂತರೂ ಅದನ್ನು ಕಂಪನಿಗೇ ಬಿಡುತ್ತೇನೆ. ಲಿಮಾದಿಂದ ಕುಸ್ಕೊಗೆ ವಿಮಾನ, ಅಲ್ಲಿಂದ ರಸ್ತೆ, ಆಮೇಲೆ ರೈಲು, ಆಮೇಲೆ ಬೆಟ್ಟ ಹತ್ತುವ ಬಸ್ಸು, ಕೊನೆಗೆ ಇಂತಿಷ್ಟೇ ಗಂಟೆಗೆ ಎಂದು ನಮೂದಿಸಿದ ಪ್ರವೇಶ ಚೀಟಿ. ಇವುಗಳಲ್ಲಿ ಯಾವುದು ಕೈಕೊಟ್ಟರೂ ಉಳಿದವು ವ್ಯರ್ಥ. ಮೋಡ ದಟ್ಟವಾಗಿ ಕವಿದರೆ ಕುಸ್ಕೊ ವಿಮಾನ ಹೊರಡದೇ ಹೋಗಬಹುದು. ಸಮುದ್ರಮಟ್ಟದಲ್ಲಿದ್ದ ದೇಹವನ್ನು ಒಂದೇ ಬೆಳಿಗ್ಗೆ 3,400 ಮೀಟರ್ ಎತ್ತರಕ್ಕೆ ಒಯ್ದರೆ ತಲೆನೋವು, ವಾಂತಿ ಹೇಳಿ ಬರುವುದಿಲ್ಲ. ಆ ಸ್ಥಿತಿಯಲ್ಲಿ ರೈಲಿನ ಟಿಕೆಟ್ ಬದಲಿಸಲು ಸಾಲಿನಲ್ಲಿ ನಿಲ್ಲುವ ಉತ್ಸಾಹ ನನಗಿಲ್ಲ. ಕಂಪನಿಯವರು ಸಾವಿರಾರು ಡಾಲರ್ ಕೇಳುತ್ತಾರೆ, ಅದು ಹೆಚ್ಚೇ. ಇಷ್ಟಾಗಿಯೂ ಮೋಡ ಸರಿದು ಊರು ಕಾಣುತ್ತದೆಂಬ ಖಾತರಿಯನ್ನು ಅವರೂ ಕೊಡುವುದಿಲ್ಲ.

ಹಣ ಕೊಡುವ ಮುನ್ನ ಹಡಗಿನ ಪ್ರವಾಸ ವಿಭಾಗದವರಿಗೆ ಒಂದು ಪ್ರಶ್ನೆಯನ್ನು ಬರಹದಲ್ಲೇ ಕೇಳಿ: ನಿಮ್ಮ ಗುಂಪಿನ ವಿಮಾನ ರದ್ದಾಗಿ ಹಡಗು ಹೊರಟುಹೋದರೆ ಮುಂದಿನ ಬಂದರಿನವರೆಗೆ ಹೋಟೆಲು, ಊಟ, ವೀಸಾ ಇವುಗಳಲ್ಲಿ ಯಾವುದರ ಖರ್ಚು ನಿಮ್ಮದು? ತೇಲಿಸಿ ಉತ್ತರಿಸಿದರೆ ಅವರ ಪ್ರವಾಸಕ್ಕೆ ಹೆಚ್ಚು ಹಣ ಕೊಡಲು ಕಾರಣವೇ ಉಳಿಯುವುದಿಲ್ಲ.

ಆಂಕೋರ್ ವಿಷಯ ಅರ್ಧಕ್ಕೇ ಬಿಟ್ಟೆ. ಹಡಗಿನಿಂದ ಇಳಿದು ಅದನ್ನು ನಾನು ಸ್ವಂತವಾಗಿಯೂ ಹೋಗಿ ನೋಡುವುದಿಲ್ಲ, ಕಂಪನಿಯವರ ಜೊತೆಗೂ ಹೋಗುವುದಿಲ್ಲ. ಸುಮಾರು 400 ಚದರ ಕಿಲೋಮೀಟರ್ ಹರಡಿರುವ ಆ ದೇವಾಲಯಗಳ ಕಾಡಿನಲ್ಲಿ ಒಂದು ರಾತ್ರಿ ಉಳಿದರೆ ಒಂದು ಸೂರ್ಯೋದಯ, ಎರಡು ಮೂರು ಗುಡಿ, ಮತ್ತೆ ವಿಮಾನ ನಿಲ್ದಾಣ. ಅಲ್ಲಿ ಒಂದು ದಿನದ ಪ್ರವೇಶಕ್ಕೆ 37 ಡಾಲರ್, ಮೂರು ದಿನಕ್ಕೆ 62. ವಿಯೆಟ್ನಾಮಿಗೆ ಹಡಗಿನಲ್ಲಿ ಹೋದ ವರ್ಷ ಹಡಗಿನಲ್ಲೇ ಉಳಿದು ಬಂದರು ಊರನ್ನು ಸುತ್ತುತ್ತೇನೆ. ಆಂಕೋರ್‌ಗೆ ಬೇರೆ ವರ್ಷ ವಿಮಾನದಲ್ಲಿ ಹೋಗಿ ಮೂರು ದಿನದ ಟಿಕೆಟನ್ನೇ ಕೊಳ್ಳುತ್ತೇನೆ.