ಕೂಲೆಂಟ್ ಇಳಿದ ಮಾತ್ರಕ್ಕೆ ಹೆಡ್ ಗ್ಯಾಸ್ಕೆಟ್ ಸುಟ್ಟಿರುವುದಿಲ್ಲ

ಹೊರಗೆ ಸೋರಿಕೆ ಕಾಣದೆ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಇಳಿದು ಎಂಜಿನ್ ಕಾದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಸುಟ್ಟಿದೆ, ತಕ್ಷಣ ಬಿಚ್ಚಿಸಿ ಎಂಬ ಸಂದೇಶ ಚಿತ್ರದುರ್ಗದ ಲಾರಿ ಚಾಲಕರ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಇದನ್ನು ನಂಬಿ ಸಾಲ ಮಾಡಬೇಡಿ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮೊದಲು ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಅದರ ರಬ್ಬರ್ ಸೀಳಿದ್ದರೆ ಒಳಗೆ ಒತ್ತಡ ಉಳಿಯುವುದಿಲ್ಲ. ಕೂಲೆಂಟ್ ಬೇಗ ಕುದಿದು, ಏರು ರಸ್ತೆಯಲ್ಲಿ ನಳಿಕೆಯಿಂದ ಚೆಲ್ಲಿ ಆರಿಹೋಗುತ್ತದೆ. ಬೆಳಿಗ್ಗೆ ನಿಂತ ಲಾರಿಯ ಕೆಳಗೆ ಒಂದು ಹನಿಯೂ ಸಿಗದು. ವಾಟರ್ ಪಂಪಿನ ಅಡಿಯ ಸಣ್ಣ ರಂಧ್ರದ ಸುತ್ತ ಒಣಗಿದ ಕರೆ ಕಟ್ಟಿದ್ದರೆ ಒಳಗಿನ ಸೀಲ್ ಸೋರುತ್ತಿರಬಹುದು. ಎಂಜಿನ್‌ಗೆ ಮರಳಿಸುವ ಹೊಗೆಯನ್ನು ಕೂಲೆಂಟ್‌ನಿಂದ ತಣಿಸುವ ಇಜಿಆರ್ ಕೂಲರ್ ಬಿರುಕುಬಿಟ್ಟರೂ, ಗ್ಯಾಸ್ಕೆಟ್ ಸುಟ್ಟಾಗಿನಂತೆಯೇ ಕೂಲೆಂಟ್ ಒಳಗೆ ಸೋರಿ ಬಿಳಿ ಹೊಗೆ ಬರುತ್ತದೆ.

ರೇಡಿಯೇಟರಿನಲ್ಲಿ ಗುಳ್ಳೆ ನಿಲ್ಲದೇ ಏಳುತ್ತಿದ್ದರೆ, ಆಯಿಲ್ ಹಾಲು ಬೆರೆತಂತೆ ಕಂಡರೆ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬಹುದು. ಆಗಲೂ ಒತ್ತಡ ಪರೀಕ್ಷೆ ಮಾಡಿಸಿಯೇ ಸ್ಪ್ಯಾನರ್ ಹಿಡಿಯಲು ಹೇಳಿ.